ಒಂದೇ ಬಾಗಿಲಿನ ಬಸ್ಸು

ನಂಜನಗೂಡು
೯ ಆಗಸ್ಟ್ ೨೦೦೭, ಗುರುವಾರ

ಕಪಿಲೆಯ ಎರಡೂ ದಡದ ಸಮಸ್ತ ಸಭಿಕರೇ, ಮೊದಲ ಸಾಲಿನಲ್ಲಿ ಆಕಳಿಸುತ್ತಿರುವ ಗಣ್ಯರೇ, ಕೊನೆಯ ಸಾಲಿನಲ್ಲಿ ಬೋಂಡಾಕ್ಕಾಗಿ ಕಾದಿರುವ ಬುದ್ಧಿವಂತರೇ, ಮತ್ತು ಇವರೆಲ್ಲರ ಪರವಾಗಿ ಇದನ್ನು ಒಬ್ಬಳೇ ಓದುತ್ತಿರುವ ತಿ. ನರಸೀಪುರದ ಹೈಸ್ಕೂಲಿನ ವಿಜ್ಞಾನದ ಮೇಡಂ, ನನ್ನ ಮಲ್ಲಾಜಿಯೇ,

ಗಾಬರಿಯಾಗಬೇಡ. ಕಾರ್ಖಾನೆಯ ಸಭೆಯಲ್ಲಿ ಹೊಸ ಕೆಟಲಿಸ್ಟ್, ಅಂದರೆ ನಿನ್ನ ಪಾಠದ ಕ್ರಿಯಾವರ್ಧಕದ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತಾಡಬೇಕಂತೆ. ಮನೆಯ ಕೆಂಪು ಪೆನ್ನು ನಿನ್ನ ಹತ್ತಿರ ಇರುವುದರಿಂದ ಭಾಷಣವನ್ನು ತಿದ್ದಲು ಕಳಿಸುತ್ತಿದ್ದೇನೆ.

ನಿನ್ನ ಕಾಗದ ತಲುಪಿತು. ವರ್ಗವಾದ ಮೇಲೆ ಒಂದು ವರ್ಷ ನೀನು ಬಸ್ಸಿನಲ್ಲಿ ಓಡಾಡಿ ಸೊಂಟ ಹಿಡಿಸಿಕೊಂಡೆ. ಈಗ ಅಲ್ಲೇ ಮನೆ ಮಾಡಿದ್ದೀಯ. ನಾನೂ ಅಲ್ಲಿಗೇ ಬಂದಿರಬೇಕು, ಇನ್ನು ಕಾರ್ಖಾನೆಗೆ ಓಡಾಡುವ ಸರದಿ ನನ್ನದು ಎನ್ನುತ್ತೀಯ. "ಈ ತಿಂಗಳೊಳಗೆ ಒಂದು ಭಾನುವಾರ ಬಂದು ಎದುರು ಕೂತು ಮಾತಾಡಿ, ಇಲ್ಲವಾದರೆ ಇನ್ನು ಬರಲೇ ಬೇಡಿ" ಎಂಬ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೀಯ. ಭಾನುವಾರ ಯಾಕೆ ಸಿಗುವುದಿಲ್ಲ ಎಂಬುದೇ ಭಾಷಣದ ವಿಷಯ. ಕೇಳು.

ಸಭಿಕರೇ, ನೀವೆಲ್ಲ ನರಸೀಪುರದ ಬಸ್ಸು ಹತ್ತಿದವರು. ಬಾಗಿಲು ಒಂದೇ. ಹತ್ತಿದವರೆಲ್ಲ ಇಳಿಯುವ ಚಿಂತೆಯಲ್ಲಿ ಅಲ್ಲೇ ನಿಲ್ಲುತ್ತಾರೆ. "ಒಳೀಕ್ ಓಗ್ರಮ್ಮೋ, ಇಂದೆ ಸೀಟು ಕಾಲಿ ಅವೆ" ಎಂದು ಕಂಡಕ್ಟರ್ ತಿಮ್ಮಯ್ಯ ಗಂಟಲು ಹರಿದುಕೊಳ್ಳುತ್ತಾನೆ. "ಒಳೀಕ್ ಓದ್ರೆ ಸುತ್ತೂರಲ್ಲಿ ನನ್ನ ಎತ್ತಿ ಇಳ್ಸಕ್ಕೆ ನಿಮ್ಮಪ್ಪ ಬಂದನಾ?" ಎಂದು ಬುಟ್ಟಿ ಹಿಡಿದ ಹೆಂಗಸು. ಮುಂದೆ ಉಸಿರು ಕಟ್ಟುತ್ತದೆ, ಹಿಂದೆ ಸೀಟುಗಳು ಗಾಳಿ ಕುಡಿಯುತ್ತಿರುತ್ತವೆ.

ನಮ್ಮ ಕೆಟಲಿಸ್ಟ್ ಆದ ಜಿಯೋಲೈಟ್ ಅಂಥ ಬಸ್ಸು. ನೋಡಲು ಬಿಳಿ ಪುಡಿ. ಒಂದೊಂದು ಹರಳಿನೊಳಗೂ ಲೆಕ್ಕವಿಲ್ಲದಷ್ಟು ಓಣಿ, ಒಂದು ಅಣು ಮೈ ಹಿಡಿಮಾಡಿಕೊಂಡು ನುಸುಳುವಷ್ಟೇ ಅಗಲ. ಓಣಿಯ ಗೋಡೆಗಳಲ್ಲಿ ಆಮ್ಲದ ತಾಣಗಳಿವೆ. ಕೆಲಸವೆಲ್ಲ ಅಲ್ಲೇ. ಒಳಹೋದ ಅಣು ಬೇರೊಂದಾಗಿ ಹೊರಬರಬೇಕು. ಆದರೆ ಅಣುಗಳು ಸಂದಿಯಲ್ಲಿ ಸಿಕ್ಕಿಕೊಂಡು, ಒಂದಕ್ಕೊಂದು ಅಂಟಿ, ಮಸಿಯಾಗಿ ಓಣಿಯ ಬಾಯನ್ನೇ ಮುಚ್ಚಿಬಿಡುತ್ತವೆ. ಹರಳಿನ ನಡುಭಾಗಕ್ಕೆ ಯಾರೂ ತಲುಪುವುದೇ ಇಲ್ಲ.

ಸಂದಿ ಸಣ್ಣ, ಮಂದಿ ದೊಡ್ಡ;
ಬಂದವರಿಗೆ ನಿಂದವರೇ ಅಡ್ಡ.

(ಪ್ರಾಸ ಚೆನ್ನಾಗಿದೆ. ಹೊಡೆದು ಹಾಕಬೇಡ.)

ಮಸಿ ಕಟ್ಟಿದರೆ ರಿಯಾಕ್ಟರ್ ನಿಲ್ಲಿಸಿ, ಗಾಳಿ ಬಿಟ್ಟು ಸುಡಬೇಕು. ನಮ್ಮಲ್ಲಿ ಅದು ಭಾನುವಾರದ ವ್ರತ. ಸುಡುವಾಗ ಲ್ಯಾಬಿನ ಕೆಮಿಸ್ಟ್ ಪಕ್ಕದಲ್ಲಿರಬೇಕು. ಆ ಕೆಮಿಸ್ಟ್ ನಿನ್ನ ಗಂಡ.

ಇದಕ್ಕೆ ಮದ್ದು ಬಂದಿದೆ. ಹರಳನ್ನು ತೆಳುವಾದ ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ, ಅದು ಸಿಲಿಕಾನನ್ನು ಅಲ್ಲಲ್ಲಿ ಕರಗಿಸಿ ಓಣಿಗಳ ನಡುವೆ ಹತ್ತಾರು ಪಟ್ಟು ಅಗಲದ ದಾರಿ ಕೊರೆಯುತ್ತದೆ. ಮೀಸೋಪೋರ್ ಎನ್ನುತ್ತಾರೆ, ನಾನು ನಡುರಂಧ್ರ ಎಂದು ಹೆಸರಿಟ್ಟಿದ್ದೇನೆ. ಸಣ್ಣ ಓಣಿ ಉಳಿಯಲೇಬೇಕು, ದುಡಿಮೆ ಅಲ್ಲಿಯದು. ಆದರೆ ಯಾವ ಓಣಿಯಿಂದ ಹೊರಟರೂ ದೊಡ್ಡ ದಾರಿ ಹತ್ತಿರ. ಬಂದವನು ಕೆಲಸ ಮುಗಿಸಿ ಬೇಗ ಹೊರಡುತ್ತಾನೆ, ಮಸಿ ಕಟ್ಟುವುದು ತಡವಾಗುತ್ತದೆ, ಸುಮ್ಮನೆ ಬಿದ್ದಿದ್ದ ನಡುಭಾಗವೂ ದುಡಿಯುತ್ತದೆ.

ಮೊದಲ ಸಲ ಆಪರೇಟರ್ ಮಾದೇಶ ಅದನ್ನು ಕಡಲೆಕಾಳಿನಂತೆ ನೆನೆಹಾಕಿ ಊಟಕ್ಕೆ ಹೋದ. "ಎಚ್ಗೆ ತೂತಾದ್ರೆ ಎಚ್ಗೆ ಒಳ್ಳೇದಲ್ವಾ ಸಾ?" ಬಂದು ನೋಡಿದರೆ ಗೋಡೆಯೇ ಇಲ್ಲದ ಗಂಜಿ. "ದಾರಿ ಮಾಡ್ಲಾ ಅಂದ್ರೆ ಮನೇನೇ ಕೆಡವಿದ್ಯಲ್ಲಾ" ಎಂದು ಬೈದೆ. ಅವತ್ತು ಮನೆಯಲ್ಲಿ ಅನ್ನಕ್ಕೆ ನೀರು ಹೆಚ್ಚಾಗಿ ನನ್ನದೂ ಗಂಜಿಯೇ ಆಯಿತು. ಮಾದೇಶನಿಗೆ ಹೇಳಲಿಲ್ಲ.

ಎರಡನೇ ಸಲ ನಾನೇ ಗಡಿಯಾರ ನೋಡುತ್ತ ನಿಂತೆ. ತೊಳೆದು, ಅಮೋನಿಯಂ ಉಪ್ಪಿನ ನೀರಿನಲ್ಲಿ ಅದ್ದಿ, ಕುಲುಮೆಯಲ್ಲಿ ಕಾಯಿಸಿ, ರಿಯಾಕ್ಟರಿಗೆ ತುಂಬಿದೆವು. ಹೀಗಾಗಿ, ಸಭಿಕರೇ, ಈ ನಡುರಂಧ್ರದಿಂದ ಆದ ಉಪಕಾರವೇನೆಂದರೆ

ಇಲ್ಲಿಗೆ ಬಿಟ್ಟು ಎದ್ದೆ. ಕಾಫಿ ಕಾಸಿದೆ, ಕುಡಿಯಲಿಲ್ಲ. ಕಿಟಕಿ ತೆಗೆದೆ, ಮುಚ್ಚಿದೆ. ಮತ್ತೆ ಕೂತಿದ್ದೇನೆ.

ಮಲ್ಲಾಜಿ, ಸಭೆಯೂ ಇಲ್ಲ, ಭಾಷಣವೂ ಇಲ್ಲ. ನನ್ನನ್ನು ಯಾರೂ ಮಾತಾಡು ಎಂದಿಲ್ಲ. ಹೊಸ ಕೆಟಲಿಸ್ಟ್ ತುಂಬಿದಾಗಿನಿಂದ ರಿಯಾಕ್ಟರ್ ನಿಂತೇ ಇಲ್ಲ. ಭಾನುವಾರ ಸುಡಲು ಏನೂ ಉಳಿದಿಲ್ಲ. "ಮನೇಗೋಗಿ ಮಲಗ್ರೀ ಶಿವಮಲ್ಲಪ್ಪ" ಎನ್ನುತ್ತಾರೆ ಮ್ಯಾನೇಜರು. ಎಲ್ಲರೂ ಅದು ಗೆಲ್ಲಲಿ ಎಂದು ಕಾಯುವಾಗ ನಾನೊಬ್ಬ, ಅದನ್ನು ಮಾಡಿದವನೇ, ಬೇಗ ಮಸಿ ಕಟ್ಟಲಿ ಎಂದು ದಿನಾ ಮೀಟರ್ ನೋಡುತ್ತಿದ್ದೇನೆ. ನಿನ್ನೆದುರು ಕೂತರೆ ಈ ಮನೆ ಬಿಟ್ಟು ಅಲ್ಲಿಗೆ ಬರಲು ನಾನು ಹೂಂ ಅಂದುಬಿಡುತ್ತೇನೆ, ಅದೇ ನನಗೆ ಹೆದರಿಕೆ.

ಇಂತು ನಿನ್ನ,
ಶಿವಮಲ್ಲಪ್ಪ

ಮರೆತ ವಿಷಯ: ಕಳೆದ ಭಾನುವಾರ ಬಂದಿದ್ದೆ. ನಿಮ್ಮ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೂ ಹಿಂದಿನ ಸೀಟಿನಲ್ಲೇ ಕೂತಿದ್ದು, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಇನ್ನೊಂದು ಟಿಕೆಟ್ ಹರಿಯುತ್ತ ತಿಮ್ಮಯ್ಯ ಕೇಳಿದ: "ಬಾಗ್ಲಲ್ಲಿ ಯಾರೂ ಇರ್ನಿಲ್ವಲ್ಲಾ ಸಾ, ಯಾಕ್ ಇಳೀನಿಲ್ಲ?" ಚಿಲ್ಲರೆ ಎಣಿಸಿ ಕೊಟ್ಟೆ. ಪ್ರಾಸವೂ ಹೊಳೆಯಲಿಲ್ಲ. ಈ ಭಾನುವಾರ ಇಳಿಯುತ್ತೇನೆ. ಅಕ್ಕಿ ಒಂದು ಹಿಡಿ ಹೆಚ್ಚಿಗೆ ಹಾಕು. ನೀರು ನೀನೇ ನೋಡಿ ಇಡು.