ಗೋಡೆಯ ಕಡೆ ಮುಖ

ಫೆಬ್ರವರಿ 9, ಬೆಳಿಗ್ಗೆ 7.20

ಸಾರಿ. ಇದು ಪ್ರಾಕ್ಟಿಕಲ್ ರೆಕಾರ್ಡ್ ಬುಕ್. ಸ್ವಂತ ವಿಷಯ ಬರೆಯಬಾರದೆಂದು ಮೊದಲ ಪುಟದಲ್ಲೇ ಅಚ್ಚಾಗಿದೆ. ಅದಕ್ಕೇ ಹಿಂದಿನ ಪುಟದಿಂದ ಶುರು ಮಾಡಿದ್ದೇನೆ. ಯಾರಿಗೆ ಸಾರಿ ಹೇಳುತ್ತಿದ್ದೇನೋ ಗೊತ್ತಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳು — ಬಾತ್‌ರೂಮಿನ ಬಾಗಿಲು ತಟ್ಟುವ ಮೊದಲೂ ಸಾರಿ ಹೇಳಿಯೇ ಅಭ್ಯಾಸ.

ಬೆಳಗಿನ ಡ್ಯೂಟಿ ಮುಗಿಯಿತು. ನಾಲ್ಕು ಜನರ ಬಿಪಿ, ಪಲ್ಸ್, ತೂಕ. ಕ್ಯಾಪ್ಟನ್ ಮೇಡಂ 150/96. ಹೆಚ್ಚಿದೆ ಎಂದರೆ, "ನಿನ್ ಮುಖ ನೋಡಿದ್ರೇ ಏರುತ್ತೆ" ಅಂದರು. ಅಡುಗೆಯವರು ತೂಕದ ಮೆಷಿನ್ ಮೇಲೆ ಒಂದೇ ಕಾಲಿಟ್ಟು ನಿಂತರು. ವೆಲ್ಡರ್ ತೋಳಿಗೆ ಬಿಪಿ ಪಟ್ಟಿ ಸಾಲುವುದಿಲ್ಲ. ಮೆಕ್ಯಾನಿಕ್ ಕೈ ಚಾಚುತ್ತಾರೆ, ಮಾತಾಡುವುದಿಲ್ಲ.

ಇದು ಗುಜರಿ ಹಡಗು. ಬಾಹ್ಯಾಕಾಶದಲ್ಲಿ ತೇಲುವ ದೂರದ ಕಲ್ಲುಗಳ ನಡುವೆ ಕಂಪನಿಗಳು ಬಿಟ್ಟುಹೋದ ಗಣಿ ಯಂತ್ರಗಳನ್ನು ಹಿಡಿದು, ಕತ್ತರಿಸಿ, ಗೋಡೌನಿಗೆ ತುಂಬುವ ಕೆಲಸ. ಮೆಡಿಕಲ್ ಅಸಿಸ್ಟೆಂಟ್ ಡಿಪ್ಲೊಮಾ, ಮೊದಲ ವರ್ಷ, ಎಂಟು ತಿಂಗಳ ಪೋಸ್ಟಿಂಗ್. ಒಳ್ಳೆಯ ಹಡಗುಗಳೆಲ್ಲ ರ‍್ಯಾಂಕಿನವರಿಗೆ. ಉಳಿದದ್ದು ನನಗೆ. ಇಲ್ಲಿರುವವರೂ ಉಳಿದವರೇ. ಕ್ಯಾಪ್ಟನ್ ಒಮ್ಮೆ ಪ್ಯಾಸೆಂಜರ್ ಹಡಗನ್ನು ನಿಲ್ದಾಣಕ್ಕೆ ಗುದ್ದಿಸಿದವರು. ಅಡುಗೆಯವರನ್ನು ಮೂರು ಹಡಗುಗಳಿಂದ ಓಡಿಸಿದ್ದಾರೆ, ಬಾಯಿಯ ದೆಸೆಯಿಂದ. ವೆಲ್ಡರ್ ನಾಲ್ಕು ವರ್ಷ ಜೈಲಿನಲ್ಲಿದ್ದು ಬಂದವರು. ಮೆಕ್ಯಾನಿಕ್ ವಿಷಯ ಯಾರೂ ಎತ್ತುವುದಿಲ್ಲ. ಅವರು ವೆಲ್ಡರ್‌ಗೆ ಭಾವ, ಅಕ್ಕನ ಗಂಡ. ಅಕ್ಕ ಈಗಿಲ್ಲ. ಇಷ್ಟೇ ಗೊತ್ತಾಗಿದ್ದು.

ಮೊದಲ ದಿನ ಅಡುಗೆಯವರು, "ಡಾಕ್ಟ್ರಮ್ಮ ಅನ್ಲಾ, ಸಿಸ್ಟರ್ ಅನ್ಲಾ?" ಎಂದಾಗ ಗಾಬರಿಯಲ್ಲಿ "ಫಸ್ಟ್ ಇಯರ್ ಸರ್" ಅಂದುಬಿಟ್ಟೆ. ಈಗ ಅದೇ ನನ್ನ ಹೆಸರು.

ಫೆಬ್ರವರಿ 12, ಮಧ್ಯಾಹ್ನ

ಕ್ಯಾಪ್ಟನ್ ರೂಮಿಗೆ ಕರೆದರು. ಮೇಜಿನ ಮೇಲೆ ಒಂದು ಸ್ಟೀಲ್ ವಿಸಲ್, ಕೊಳೆ ಹಿಡಿದ ದಾರ.

"ಇದು ಹೊಸದಾಗಿ ಬಂದೋರ ಕೆಲ್ಸ."

ಹಿಂದೊಮ್ಮೆ ಒಬ್ಬ ಇನ್ನೊಬ್ಬನ ತಲೆಗೆ ಸ್ಪ್ಯಾನರ್ ಬೀಸಿದನಂತೆ. ಗುರಿ ತಪ್ಪಿ ಗಾಳಿಯ ಪೈಪಿಗೆ ಬಡಿದು ಎಲ್ಲರೂ ಸಾಯಬೇಕಿತ್ತು. ಅಂದಿನಿಂದ ರೂಲ್. ಜಗಳ ಬಂದರೆ ಗೋಡೌನಿಗೆ. ಬರಿಗೈ. ಉಳಿದವರು ಗೋಡೆಯ ಕಡೆ ಮುಖ ಮಾಡಿ ನಿಲ್ಲಬೇಕು. ನೋಡುವಂತಿಲ್ಲ.

"ನೋಡಿದ್ರೆ ಪಾರ್ಟಿ ಕಟ್ತಾರೆ. ಯಾರ್ ಗೆದ್ದ, ಯಾರ್ ಅತ್ತ ಅಂತ ಎಂಟ್ ತಿಂಗ್ಳೂ ಅದೇ ಪುರಾಣ. ಹೊಸಬ್ರು ಯಾರ್ ಕಡೇನೂ ಅಲ್ಲ. ನೀನೊಬ್ಳೇ ನೋಡ್ತೀಯ, ಸಾಕು ಅನಿಸಿದಾಗ ಊದ್ತೀಯ, ಆಮೇಲೆ ಬಾಯಿ ಮುಚ್ಕೋತೀಯ."

"ಜಗಳಾನೇ ಆಡಬೇಡಿ ಅಂತ ಹೇಳ್ಬೋದಲ್ವಾ ಮೇಡಂ?"

"ಹೇಳಿ ನೋಡು."

"ಸಾಕು ಅಂತ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಹೋಗು."

ಸಿಲಬಸ್‌ನಲ್ಲಿಲ್ಲದ್ದು.

ಫೆಬ್ರವರಿ 15, ಸಂಜೆ 5

ಆಗಿಹೋಯಿತು, ಮೊದಲನೆಯದು. ಅಡುಗೆಯವರಿಗೂ ಮೆಕ್ಯಾನಿಕ್‌ಗೂ. ಬಿಸಿನೀರಿನ ವಿಷಯ. ಎಂಜಿನ್ ತಣ್ಣಗಾಗಲೆಂದು ಮೆಕ್ಯಾನಿಕ್ ಬಾಯ್ಲರ್ ಆಫ್ ಮಾಡಿದ್ದಾರೆ, ಇವರ ಮೈತುಂಬ ಸೋಪು.

ಗೋಡೌನಿನಲ್ಲಿ ಎರಡು ರಾಶಿ ಕಬ್ಬಿಣದ ನಡುವೆ ಒಂದು ಜಾಗ, ಹಾಸ್ಟೆಲ್ ಡೈನಿಂಗ್ ಹಾಲಿನ ಅರ್ಧದಷ್ಟು. ನೆಲದಲ್ಲಿ ಹಳೆಯ ಕಲೆಗಳು. ಕ್ಯಾಪ್ಟನ್, ವೆಲ್ಡರ್ ಗೋಡೆಗೆ ತಿರುಗಿ ಕೈಕಟ್ಟಿ ನಿಂತರು, ಕ್ಲಾಸಿನಿಂದ ಹೊರಹಾಕಿದ ಮಕ್ಕಳ ಹಾಗೆ.

ಮೆಕ್ಯಾನಿಕ್ ಒಂದೇ ಏಟು ಹಾಕಿದರು, ಮೂಗಿಗೆ. ಹಸಿ ಕಡ್ಡಿ ಮುರಿದ ಶಬ್ದ. ರಕ್ತ ಮೀಸೆಯ ಮೇಲಿಳಿದು ಹಲ್ಲಿಗೆ ಬಂತು. ನಾನು ಊದಿದೆ. ಊದುತ್ತಲೇ ಇದ್ದೆ, ಕ್ಯಾಪ್ಟನ್ ಬಂದು ಬಾಯಿಂದ ಕಿತ್ತುಕೊಳ್ಳುವವರೆಗೆ. ಜಗಳ ಶುರುವಾಗಿ ಹನ್ನೆರಡೇ ಸೆಕೆಂಡ್ ಆಗಿತ್ತಂತೆ.

"ನನ್ ಸರದಿ ಬರೋಕ್ ಮುಂಚೇನೇ ಊದ್ಬಿಟ್ಯಲ್ಲೇ ತಾಯಿ! ಅವ್ನಿಗೆ ಊಟ, ನನಗೆ ಎಂಜಲೆಲೆ!" ಅಡುಗೆಯವರು ಮೂಗು ಹಿಡಿದುಕೊಂಡೇ ಕೂಗಾಡಿದರು.

ಮೂಗಿಗೆ ಹತ್ತಿ ತುರುಕಿದೆ. ಗುರಿ ತಪ್ಪಿ ಎರಡು ಸಲ ಕಣ್ಣಿಗೆ ಚುಚ್ಚಿದೆ.

ಫೆಬ್ರವರಿ 17, ಮಧ್ಯಾಹ್ನ 1.30

ಅಡುಗೆಯವರು ಕುದಿಯುವ ನೀರಿನ ಪಾತ್ರೆಯನ್ನು ಮೆಕ್ಯಾನಿಕ್ ಎಡಗೈ ಮೇಲೆ ಬಗ್ಗಿಸಿದರು. ಬೇಕೆಂದೇ. ಊಟಕ್ಕೆ ಕೂತಾಗ, ನಗುನಗುತ್ತಾ. "ಬಿಸಿನೀರು ಸಿಗಲ್ಲ ಅಂತಿದ್ದೆಯಲ್ಲ, ತಗೋ."

ಮೊಣಕೈತನಕ ಚರ್ಮ ಎದ್ದು ಬಂತು. ಮೆಕ್ಯಾನಿಕ್ ಕಿರುಚಲಿಲ್ಲ. ಮೇಜಿನ ಅಂಚು ಹಿಡಿದಿದ್ದರು. ಅಂಚಿನ ಪ್ಲಾಸ್ಟಿಕ್ ಪಟ್ಟಿಯಲ್ಲಿ ಉಗುರಿನ ಗುರುತು ಉಳಿದಿದೆ.

ಕ್ಯಾಪ್ಟನ್ ಅಡುಗೆಯವರ ಕತ್ತು ಹಿಡಿದು ಸ್ಟೋರ್‌ರೂಮಿಗೆ ನೂಕಿ, ಚಿಲಕ ಹಾಕಿ, ಬಂದು ನನ್ನೆದುರು ನಿಂತರು.

"ನೋಡಿದ್ಯಾ? ಬೇಗ ಊದಿದ್ರೆ ಜಗಳ ಮುಗಿಯಲ್ಲ. ಮೈಯಲ್ಲೇ ಕೂತಿರುತ್ತೆ, ಹೀಗೆ ಹೊರಗ್ ಬರುತ್ತೆ. ಇನ್ನೊಂದ್ ಸಲ ಹೆದ್ರಿಕೊಂಡ್ ಊದಿದ್ರೆ ನಿನ್ನನ್ನೇ ನಡುವೆ ನಿಲ್ಲಿಸ್ತೀನಿ."

ಸಾರಿ ಮೇಡಂ ಅಂದೆ. ಈ ಸುಟ್ಟ ಕೈ ನನ್ನ ಲೆಕ್ಕಕ್ಕೆ.

ಫೆಬ್ರವರಿ 20

ದಿನಕ್ಕೆರಡು ಸಲ ಡ್ರೆಸ್ಸಿಂಗ್. ಸತ್ತ ಚರ್ಮ ಕತ್ತರಿಸುವಾಗ ಮಾತಾಡಿಸುತ್ತಿರಬೇಕೆಂದು ಪುಸ್ತಕದಲ್ಲಿದೆ. ಏನು ಮಾತಾಡಿಸಲಿ? ಮನೆಯಲ್ಲಿ ಯಾರ‍್ಯಾರಿದ್ದಾರೆ ಸರ್ ಅಂದೆ. ಕೇಳಬಾರದಿತ್ತು.

ಅವರೇ ಹೇಳಿದರು. ಹಿಂದಿನ ಹಡಗಿನಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೆಲಸದಲ್ಲಿದ್ದರು. ಬೆಂಕಿ. ಒಂದು ಬಾಗಿಲು ಹಾಕದಿದ್ದರೆ ಏಳು ಜನ ಸಾಯುತ್ತಿದ್ದರು. ಇವರು ಹಾಕಿದರು. ಹೆಂಡತಿ ಆ ಕಡೆ ಉಳಿದರು. ವೆಲ್ಡರ್ ಆಗ ಜೈಲಿನಲ್ಲಿ. ಬಿಡುಗಡೆಯಾದ ಮೇಲೆ ಭಾವನನ್ನು ಹುಡುಕಿಕೊಂಡೇ ಈ ಹಡಗಿಗೆ ಬಂದರು. ಬಾಗಿಲ ಪಕ್ಕದ ಮೈಕಿನಲ್ಲಿ ಅಕ್ಕ ಮಾತಾಡಿದ್ದಳು ಎಂದು ಯಾರೋ ಹೇಳಿದ್ದಾರೆ. ಏನಂದಳು ಎಂಬುದೊಂದೇ ಪ್ರಶ್ನೆ, ಎರಡು ವರ್ಷದಿಂದ.

"ಅಕ್ಕ 'ನೀವಾದ್ರೂ ಬದುಕ್ಕೊಳ್ಳಿ' ಅಂದಿರ್ತಾಳೆ ಅಂದ್ಕೊಂಡಿದಾನೆ. 'ತಮ್ಮನ್ನ ನೋಡ್ಕೊಳ್ಳಿ' ಅಂತ."

"ಅನ್ಲಿಲ್ವಾ ಸರ್?"

"ಬಾಗ್ಲು ತೆಗೀರಿ ಅಂದ್ಲು. ಅಷ್ಟೇ. ಕೊನೇವರ್ಗೂ ಅದೊಂದೇ. ಇದನ್ನ ಅವನಿಗೆ ಹೇಗ್ ಹೇಳ್ಲಿ, ಫಸ್ಟ್ ಇಯರ್?"

ಕತ್ತರಿ ತಪ್ಪಿ ಹಸಿ ಮಾಂಸಕ್ಕೆ ತಾಗಿತು. ಸಾರಿ ಅಂದೆ. ಪರವಾಗಿಲ್ಲ ಅಂದರು.

ಮಾರ್ಚ್ 1, ಮಧ್ಯಾಹ್ನ 3

ಬರೆದು ಮುಗಿಸಬೇಕು. ಕ್ರಮವಾಗಿ. ಕೇಸ್ ಶೀಟಿನ ಹಾಗೆ.

ಊಟದ ಹೊತ್ತು. ವೆಲ್ಡರ್, "ಭಾವ, ಇವತ್ತಿಗೆ ಮೂರ್ ವರ್ಷ. ಇವತ್ತಾದ್ರೂ ಹೇಳಿ" ಅಂದರು. ಮೆಲ್ಲಗೇ ಅಂದರು. ಮೆಕ್ಯಾನಿಕ್ ತಟ್ಟೆ ಎತ್ತಿಕೊಂಡು ಎದ್ದರು. ವೆಲ್ಡರ್ ಮೇಜನ್ನೇ ಎತ್ತಿ ಗೋಡೆಗೆ ಎಸೆದರು. ಇಲ್ಲಿ ತೂಕ ಅರ್ಧ. ಆದರೂ ಅದು ಆರು ಜನರ ಕಬ್ಬಿಣದ ಮೇಜು.

"ಗೋಡೌನ್" ಅಂದರು ಕ್ಯಾಪ್ಟನ್.

ಮೇಡಂ, ಒಂದು ಕೈ ಸುಟ್ಟಿದೆ ಅಂದೆ. ಕೇಳಿಸಲಿಲ್ಲವೋ ಏನೋ. ನಾನು ಜೋರಾಗಿ ಹೇಳಲಿಲ್ಲವೋ. ಮೆಕ್ಯಾನಿಕ್ಕೇ "ನಡೀರಿ" ಅಂದರು.

ಕ್ಯಾಪ್ಟನ್, ಅಡುಗೆಯವರು ಗೋಡೆಗೆ ತಿರುಗಿದರು. ವಿಸಲ್ ಬಾಯಲ್ಲಿತ್ತು.

ಮೊದಲ ಏಟು ದವಡೆಗೆ. ಎರಡನೆಯದು ಕಿವಿಗೆ. ಪ್ರತಿ ಏಟಿಗೂ "ಏನಂದ್ಲು?" ಮೆಕ್ಯಾನಿಕ್ ಬಿದ್ದರು, ಎದ್ದರು. ಮುಂದಿನ ಒಂದು ಹಲ್ಲು ಹಾರಿ ಕಬ್ಬಿಣಕ್ಕೆ ತಾಗಿ ಟಿಣ್ ಎಂದಿತು. ಊದಲಾ? ಬೇಗ ಆಯಿತಾ? ಹನ್ನೆರಡು ಸೆಕೆಂಡ್ ದಾಟಿತು, ಎಣಿಸುತ್ತಿದ್ದೆ. ನಲವತ್ತು. ಕತ್ತು ಹಿಡಿದು ಬಗ್ಗಿಸಿ, ಮಂಡಿಯಿಂದ ಎಡ ಪಕ್ಕೆಗೆ. ಒಂದು. ಎರಡು. ಮೂರು. "ಏನಂದ್ಲು? ಏನಂದ್ಲು?" ಪಕ್ಕೆಲುಬು ಮುರಿದದ್ದು ಕೇಳಿಸಿತು. ಅರವತ್ತೈದು.

ಆಗ ನೋಡಿದೆ. ಮೆಕ್ಯಾನಿಕ್ ಕೈ ಎತ್ತುತ್ತಿರಲಿಲ್ಲ. ಚೆನ್ನಾಗಿರುವ ಬಲಗೈಯನ್ನೂ. ಎರಡೂ ಕೈ ಇಳಿಬಿಟ್ಟು, ಪಕ್ಕೆಯನ್ನು ತಾವಾಗಿಯೇ ಒಡ್ಡುತ್ತಿದ್ದರು. ಇದು ಜಗಳವೇ ಅಲ್ಲ. ಸಾಕು ಎಂಬುದು ಗೊತ್ತಾಯಿತು. ಮೇಡಂ ಹೇಳಿದ ಹಾಗೆಯೇ, ಸ್ಪಷ್ಟವಾಗಿ.

ಊದಲಿಲ್ಲ.

ಉಸಿರು ಒಳಗೆ ಹೋಯಿತು. ಹೊರಗೆ ಬರಲಿಲ್ಲ. ತಪ್ಪಾದರೆ? ಮತ್ತೆ ಬೈದರೆ? ಗೋಡೆಯ ಕಡೆಯಿಂದ ಕ್ಯಾಪ್ಟನ್, ತಿರುಗದೆಯೇ, "ಫಸ್ಟ್ ಇಯರ್?" ಅಂದರು. ಅದೂ ಕೇಳಿಸಿತು. ನಾಲ್ಕು. ಐದು. ಆರು.

ವೆಲ್ಡರ್ ತಾವೇ ನಿಲ್ಲಿಸಿದರು. ನನ್ನ ಕಡೆ ತಿರುಗಿ, "ಯಾಕೆ ಊದ್ಲಿಲ್ಲ?" ಎಂದು ಕೇಳಿದರು. ಮುಷ್ಟಿಯಿಂದ ತೊಟ್ಟಿಕ್ಕುತ್ತಿತ್ತು. ಮಕ್ಕಳು ಕೇಳುವ ಹಾಗೆ ಕೇಳಿದರು.

ಮಾರ್ಚ್ 1, ಸಂಜೆ 6.40

ಮೆಕ್ಯಾನಿಕ್ ನಡೆದುಕೊಂಡೇ ರೂಮಿಗೆ ಹೋದರು. "ಏನಾಗಿಲ್ಲ, ಹೋಗಿ ಓದ್ಕೋ." ಪಲ್ಸ್ 96. ಪಕ್ಕೆಗೆ ಪಟ್ಟಿ ಕಟ್ಟಿದೆ. ಎಡ ಭುಜ ನೋಯುತ್ತದೆ ಅಂದರು. ಭುಜಕ್ಕೆ ಒಂದೂ ಏಟು ಬಿದ್ದಿಲ್ಲ. ನಾನು ನೋಡಿದ್ದೇನೆ.

ಮಾರ್ಚ್ 2, ಬೆಳಿಗ್ಗೆ 8.15

ಪಲ್ಸ್ 124. ಬಿಪಿ 90/60. ಹೊಟ್ಟೆ ಹಲಗೆಯಂತೆ. ತುಟಿ ಬಿಳಿ.

ಪುಸ್ತಕ ತೆಗೆದೆ. ಎಡ ಪಕ್ಕೆಗೆ ಪೆಟ್ಟು, ಎಡ ಭುಜದಲ್ಲಿ ನೋವು: ಗುಲ್ಮ, ಅಂದರೆ ಎಡ ಪಕ್ಕೆಯ ಕೆಳಗಿರುವ ಸ್ಪ್ಲೀನ್, ಒಡೆದಿರಬಹುದು. ಒಳಗೇ ರಕ್ತ ಸುರಿಯುತ್ತಿದೆ. ಆಪರೇಷನ್ ಯಂತ್ರ ನಮ್ಮ ಹಡಗಿನಲ್ಲೂ ಇದೆ, ತಾನೇ ಕೊಯ್ಯುತ್ತದೆ, ಹೊಲಿಯುತ್ತದೆ. ಆದರೆ ನಿಲ್ದಾಣದ ಆಸ್ಪತ್ರೆಯ ಡಾಕ್ಟರ್ ಕೋಡ್ ಕೊಡದೆ ಅದರ ಬೀಗ ತೆಗೆಯುವುದಿಲ್ಲ. ಮೆಸೇಜ್ ಹೋಗಲು ಹತ್ತೊಂಬತ್ತು ನಿಮಿಷ, ಬರಲು ಹತ್ತೊಂಬತ್ತು.

ಕ್ಯಾಪ್ಟನ್‌ಗೆ ಓಡಿಹೋಗಿ ಹೇಳಿದೆ. "ರಾತ್ರೀನೇ ಕಳಿಸಿದೀನಿ, ಉತ್ರಾನೂ ಬಂದಿದೆ" ಎಂದು ಕಾಗದ ಕೊಟ್ಟರು. ಓದಿದೆ. 'ಏಣಿಯಿಂದ ಜಾರಿ ಬೆನ್ನ ಮೇಲೆ ಬಿದ್ದವರನ್ನು ಅಲುಗಾಡಿಸಬೇಡಿ. ನೋವಿನ ಮಾತ್ರೆ. ಹನ್ನೆರಡು ಗಂಟೆ ಬಿಟ್ಟು ತಿಳಿಸಿ.'

"ಏಣಿ?"

"ಏಣಿ. ಯಾರಾದ್ರೂ ನೋಡಿದಾರಾ? ನಾವೆಲ್ಲ ಗೋಡೆ ನೋಡ್ತಿದ್ವಿ."

"ನಾನ್ ನೋಡಿದೀನಿ ಮೇಡಂ. ಹನ್ನೆರಡ್ ಗಂಟೆ ಅವ್ರು ಇರಲ್ಲ."

ಕೆನ್ನೆಗೆ ಬಾರಿಸಿದರು. ಕನ್ನಡಕ ಹಾರಿತು. ಬಾಯಲ್ಲಿ ಉಪ್ಪು. ಆಮೇಲೆ ಅವರೇ ಕನ್ನಡಕ ಎತ್ತಿಕೊಟ್ಟರು.

"ನಿಜ ಬರೆದ್ರೆ ಹಡಗು ಸೀಜ್ ಆಗುತ್ತೆ. ಅವ್ನು ಮತ್ತೆ ಜೈಲಿಗೆ. ನಮ್ಮಲ್ಲಿ ಒಬ್ರಿಗೂ ಇನ್ನೊಂದ್ ಕಡೆ ಅನ್ನ ಹುಟ್ಟಲ್ಲ. ನಿಂದೂ ಡಿಪ್ಲೊಮಾ ಗೋವಿಂದ — ವಿಸಲ್ ಯಾರ್ ಬಾಯಲ್ಲಿತ್ತು?"

ನನ್ನ ಬಾಯಲ್ಲಿತ್ತು. 

ಮಾರ್ಚ್ 2, ಬೆಳಿಗ್ಗೆ 9.05

ರೇಡಿಯೊ ರೂಮಿನಲ್ಲಿದ್ದೇನೆ. ಒಳಗಿನಿಂದ ಚಿಲಕ ಹಾಕಿದ್ದೇನೆ. ಮೆಕ್ಯಾನಿಕ್ ಪಲ್ಸ್ 138.

ಸಿಕ್ ರೂಮಿನಲ್ಲಿ ಅವರ ಪಕ್ಕ ಅಡುಗೆಯವರು ಡ್ರಿಪ್ ಬಾಟ್ಲಿ ಹಿಂಡುತ್ತಾ ಕೂತಿದ್ದಾರೆ. ಬೆಳಗಿನಿಂದ ಒಂದು ಜೋಕೂ ಇಲ್ಲ. ತಾವೇ ಸುಟ್ಟ ಮೆಕ್ಯಾನಿಕ್ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡಿದ್ದಾರೆ.

ನಾನು ಇಲ್ಲಿಗೆ ಬರುವಾಗ ವೆಲ್ಡರ್ ಕಾರಿಡಾರಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. "ಬದುಕ್ತಾರಾ?"

"ಏಣಿ ಅಂದ್ರೆ ಇಲ್ಲ. ನಿಜ ಹೇಳಿದ್ರೆ... ಗೊತ್ತಿಲ್ಲ. ಚಾನ್ಸ್ ಇದೆ."

"ಹಾಗಿದ್ರೆ ನಾನೇ ಅಂತ ಬರಿ."

"ನಿಮ್ಮನ್ನ ಒಯ್ತಾರೆ."

"ಭಾವ ಇನ್ನೂ ಹೇಳಿಲ್ವಲ್ಲಮ್ಮ. ಹೇಳ್ದೇ ಹೋಗ್ಬಿಟ್ರೆ?"

ನನಗೆ ಗೊತ್ತು. ನಾಲಿಗೆಯ ತುದಿಗೆ ಬಂತು. ಹೇಳುವ ಹಕ್ಕು ನನ್ನದಲ್ಲ. ಬದುಕಿದರೆ ಅವರೇ ಹೇಳಲಿ. ಹೇಳದೆಯೂ ಇರಲಿ.

ವೆಲ್ಡರ್ ನನ್ನನ್ನು ಒಳಗೆ ಬಿಟ್ಟು ಬಾಗಿಲಿಗೆ ಬೆನ್ನು ಕೊಟ್ಟು ಕೂತರು. ಕ್ಯಾಪ್ಟನ್ ಬಂದಿದ್ದಾರೆ. "ಲೋ ಏಳೋ. ಏಳ್ತೀಯೋ ಇಲ್ವೋ?" ಕಬ್ಬಿಣದ ಸರಳು. ಬಡಿಯುತ್ತಿದ್ದಾರೆ, ಬಾಗಿಲಿಗಲ್ಲ. ಮೆತ್ತಗಿನ ಶಬ್ದ. ಪ್ರತಿ ಏಟಿಗೂ ಬಾಗಿಲು ನನ್ನ ಕುರ್ಚಿಗೆ ತಾಗುತ್ತಿದೆ. ಅವರು ಏಳುತ್ತಿಲ್ಲ. "ಬರೀತಾ ಇರು" ಅಂದರು ಒಮ್ಮೆ. ಆಮೇಲೆ ಏಟು ಮಾತ್ರ.

ನೇರವಾಗಿ ಟೈಪ್ ಮಾಡಲು ಕೈ ಬರುತ್ತಿಲ್ಲ. ಇಲ್ಲಿ ಬರೆದುಕೊಂಡು, ನೋಡಿ ಟೈಪ್ ಮಾಡುತ್ತೇನೆ.

ಡಾಕ್ಟರಿಗೆ. ನಿನ್ನೆಯ ಮೆಸೇಜ್ ಸುಳ್ಳು. ಏಣಿ ಇಲ್ಲ. ರೋಗಿ ಬಿದ್ದಿಲ್ಲ. ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ಎಡ ಪಕ್ಕೆಗೆ ಮಂಡಿಯಿಂದ ಆರು ಬಲವಾದ ಏಟು. ಹೊಟ್ಟೆ ಗಟ್ಟಿ, ಎಡ ಭುಜದಲ್ಲಿ ನೋವು, ಪಲ್ಸ್ 138, ಬಿಪಿ 78/50, ಇಳಿಯುತ್ತಿದೆ. ಗುಲ್ಮ ಒಡೆದಿದೆ ಎಂದು ನನ್ನ ಅಂದಾಜು. ಹೊಡೆದವರು ನಮ್ಮ ವೆಲ್ಡರ್. ಹೊಡೆಯಬಹುದು ಎಂದು ಬಿಟ್ಟವರು ಕ್ಯಾಪ್ಟನ್. ನಿಲ್ಲಿಸುವ ಕೆಲಸ ನನ್ನದಾಗಿತ್ತು. ಸಾಕೆಂದು ಗೊತ್ತಾದ ಮೇಲೂ ನಾನು ನಿಲ್ಲಿಸಲಿಲ್ಲ. ನೋಡಿದವಳು ನಾನೊಬ್ಬಳೇ, ಎಲ್ಲಿ ಬೇಕಾದರೂ ಹೇಳುತ್ತೇನೆ. ನಾನು ಮೊದಲ ವರ್ಷದವಳು. ಯಂತ್ರದ ಪಕ್ಕ ನಿಂತು ನೀವು ಹೇಳಿದ ಹಾಗೆ ಮಾಡುತ್ತೇನೆ. ಹೊರಗೆ ಇನ್ನೊಬ್ಬರಿಗೂ ಪೆಟ್ಟಾಗುತ್ತಿದೆ, ಅವರ ವಿವರ ಆಮೇಲೆ. ಕೋಡ್ ಕಳಿಸಿ. ದಯವಿಟ್ಟು ಬೇಗ ಉತ್ತರ ಕೊಡಿ.