ಕತ್ತಿ ಹಿಡಿದ ಕೈ

ಡಾಕ್ಟರ್ ಸಾಹೇಬರಿಗೆ ನಿಮ್ಮ ಕ್ಷೌರಿಕನ ನಮಸ್ಕಾರ.

ಎದುರು ನಿಂತು ಹೇಳಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ಕುರ್ಚಿಯಲ್ಲಿ ಕೂತವರ ಮಾತಿಗೆಲ್ಲ ಹೂಂ ಅನ್ನುವುದು ನಮ್ಮ ಕಸುಬಿನ ಗುಣ. ನನ್ನ ಸಕ್ಕರೆ ಕಾಯಿಲೆಗೆ, "ರಾತ್ರಿ ಊಟವೇ ವಿಷ ಕಣಯ್ಯ" ಅಂದರು ಮೇಷ್ಟ್ರು. ಬಿಟ್ಟೆ. ಬೆಳಗಿನ ತಿಂಡಿಯೂ ಬೇಡವೆಂದು ಲಾರಿ ಡ್ರೈವರ್ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಅದಕ್ಕೂ ಹೂಂ ಅಂದೆ. "ಮಾತ್ರೆ ತಪ್ಪಿಸಿದ್ರೆ ನನ್ನಾಣೆ" ಅಂದಳು ಹೆಂಡತಿ. ಹಾಗಾಗಿ ನಿಮ್ಮ ಮಾತ್ರೆಯನ್ನು ಖಾಲಿ ಹೊಟ್ಟೆಗೇ ನುಂಗುತ್ತಿದ್ದೇನೆ.

ಈಗ ಬೆಳಗ್ಗೆ ಮೈಯೆಲ್ಲ ಬೆವರುತ್ತದೆ, ಕಣ್ಣು ಮಂಜಾಗುತ್ತದೆ. ನಿನ್ನೆ ಗಿರಾಕಿಯೊಬ್ಬರ ಗಂಟಲ ಮೇಲೆ ಕತ್ತಿಯಿಟ್ಟಾಗ ಕೈ ನಡುಗಿತು. ಅವರು ನಂಬಿ ಕಣ್ಣು ಮುಚ್ಚಿದ್ದರು.

ಯಾರ ಮಾತು ಬಿಡಲಿ? ದಯವಿಟ್ಟು ಇವತ್ತೇ ತಿಳಿಸಿ. ನಾಳೆ ಬೆಳಗ್ಗೆ ಮೊದಲ ಶೇವಿಂಗ್ ನಿಮ್ಮದೇ.

ಇಂತಿ,
ಮೂಲೆ ಅಂಗಡಿಯವನು