ಹಸಿರು ವಯರ್

೩ ಜುಲೈ ೨೦೦೨
ಬೆಳಿಗ್ಗೆ ಅಂಗಡಿಗೆ ಹುಕ್ರಪ್ಪಣ್ಣನ ಜೀಪು ಬಂತು. ಹಚ್ಚಲಿಕ್ಕೆ ಇವತ್ತು ರೇಡಿಯಂ ಸ್ಟಿಕ್ಕರ್ ಅಲ್ಲ, ಧಣಿ ಅಬ್ಬಾಸಾಕನ ಭಾವ ದುಬೈಯಿಂದ ಕಳಿಸಿದ ಫಿಲ್ಮ್. ನೋಡಲು ಪುಸ್ತಕಕ್ಕೆ ಹಾಕುವ ಪ್ಲಾಸ್ಟಿಕ್‌ನಂತೆ. ಮಡಚಬಹುದು, ಆಚೆ ಬದಿ ಕಾಣುತ್ತದೆ, ಆದರೂ ಕರೆಂಟ್ ಹರಿಯುತ್ತದೆ. ಗಾಜಿಗೆ ಹಚ್ಚಿ ಎರಡು ಅಂಚಿಗೆ ಬ್ಯಾಟರಿ ಕೊಟ್ಟೆ. ಬೆಚ್ಚಗಾಯಿತು. ಮಂಜು ತಾನೇ ಹೋಯಿತು. ಚಾರ್ಮಾಡಿ ಘಾಟಿ ಹತ್ತುವಾಗ ಇನ್ನು ಗಾಜು ಒರೆಸಲು ಬಟ್ಟೆ ಬೇಡ.
ಒಂಬತ್ತನೇ ಕ್ಲಾಸಿನಲ್ಲಿ ಇದನ್ನೇ ಕೇಳಿದ್ದೆ — ಆಚೆ ಕಾಣುವ ವಸ್ತುವಿನಲ್ಲಿ ಕರೆಂಟ್ ಯಾಕೆ ಹರಿಯಬಾರದು? ಮಾಷ್ಟ್ರು ಹೊರಗೆ ನಿಲ್ಲಿಸಿದರು. ಅಲ್ಲಿಂದಲೇ ಮನೆಗೆ ಬಂದೆ. ಮತ್ತೆ ಹೋಗಲಿಲ್ಲ.

೫ ಜುಲೈ
ಮಡಂತ್ಯಾರು, ಕಂಪ್ಯೂಟರ್ ಕ್ಲಾಸ್. ವಾಗ್ದೇವಿ ಟೀಚರ್ ಐದು ತಿಂಗಳ ಬಸುರಿ. ಸ್ಕ್ರೀನಿನಿಂದ ಏನೋ ಬರುತ್ತದೆಂದು ಹೆದರಿಕೆ. ಈ ಫಿಲ್ಮ್ ಎಲ್ಲವನ್ನೂ ತಡೆಯುವುದಿಲ್ಲ ಎಂದೆ. ಅಂಚಿನ ಹಸಿರು ವಯರನ್ನು ಅರ್ಥ್‌ಗೆ, ಅಂದರೆ ನೆಲಕ್ಕೆ ಕೊಟ್ಟರೆ ಸ್ವಲ್ಪ ತಡೆಯುತ್ತದೆ, ಅಷ್ಟೇ. ಅವರ ಟೇಬಲಿನ ಕಂಪ್ಯೂಟರಿಗೆ ಹಚ್ಚಿ, ವಯರನ್ನು ಪ್ಲಗ್ಗಿನ ಮೂರನೇ ತೂತಿಗೆ ಕೊಟ್ಟೆ. ಉಳಿದ ಹನ್ನೊಂದಕ್ಕೂ ಹಾಕುವ ಎಂದರು.

೨೯ ಜುಲೈ
ದುಬೈ ರೋಲ್ ಮುಗಿದಿದೆ. ಅಬ್ಬಾಸಾಕ ಮಂಗಳೂರಿನಿಂದ ಬೇರೆ ತಂದರು. ಮೀಟರ್ ಇಟ್ಟೆ — ಮುಳ್ಳು ಅಲುಗಲಿಲ್ಲ, ಇದರಲ್ಲಿ ಕರೆಂಟೇ ಹರಿಯುವುದಿಲ್ಲ. ಎಫ್‌ಎಂ ರೇಡಿಯೋಗೆ ಹಳೇ ತುಂಡು ಸುತ್ತಿದೆ. ಬರೀ ಕರಕರ. ಹೊಸದನ್ನು ಸುತ್ತಿದೆ. ಹಾಡು ನಿಲ್ಲಲೇ ಇಲ್ಲ. ಇದು ಏನನ್ನೂ ತಡೆಯುವುದಿಲ್ಲ.
"ಕಣ್ಣಿಗೆ ಎರಡೂ ಒಂದೇ ಅಲ್ವಾ ಮಾರಾಯ್ತಿ? ಟೀಚರಿನ ಹೆದರಿಕೆ ಹೋದ್ರೆ ಆಯ್ತು."
"ರೇಡಿಯೋಗೆ ಒಂದೇ ಅಲ್ಲ ಅಬ್ಬಾಸಾಕ. ನಾನು ಹಚ್ಚುವುದಿಲ್ಲ."
"ಹಾಗಾದ್ರೆ ನಾಳೆಯಿಂದ ಬರುವುದು ಬೇಡ."
ಬ್ಲೇಡ್ ಇಟ್ಟು ಬಂದೆ. ಮೀಟರ್ ನನ್ನದು. ಅದನ್ನು ತಂದೆ.

೬ ಆಗಸ್ಟ್
ಎಂಟು ದಿನ ಮನೆಯಲ್ಲಿ ಅಮ್ಮನ ಬೈಗುಳ. ಇವತ್ತು ಮಡಂತ್ಯಾರಿಗೆ ಹೋದೆ. ಹನ್ನೊಂದಕ್ಕೂ ಮಂಗಳೂರಿನದು ಹಚ್ಚಿ ಆಗಿದೆ. ಒಂದನ್ನು ಕಿತ್ತು, ಎಲ್ಲರೆದುರು ರೇಡಿಯೋಗೆ ಸುತ್ತಿ ತೋರಿಸಿದೆ. ಹಾಡಿತು. ಮಕ್ಕಳು ನಕ್ಕರು. ಟೀಚರ್ ನಗಲಿಲ್ಲ.
"ನನ್ನದು?"
ನಿಮ್ಮದು ಒಳ್ಳೆಯದು ಎಂದೆ. ಜಂಬದಲ್ಲೇ ಎಂದೆ. ತೋರಿಸಲು ಪ್ಲಗ್ಗಿನಲ್ಲಿ ಕರೆಂಟ್ ಬರುವ ಫೇಸಿಗೂ ಮೂರನೇ ತೂತಿನ ಅರ್ಥ್‌ಗೂ ನಡುವೆ ಬಲ್ಬ್ ಕೊಟ್ಟೆ. ಅರ್ಥ್ ಇದ್ದರೆ ಉರಿಯಬೇಕು. ಉರಿಯಲಿಲ್ಲ. ಬೋರ್ಡ್ ಬಿಚ್ಚಿದೆ. ಮೂರನೇ ತೂತಿನ ಹಿಂದೆ ವಯರೇ ಇಲ್ಲ. ನಮ್ಮ ಊರಿನ ವಯರಿಂಗ್ ಹೀಗೇ, ಆ ತೂತು ಚಂದಕ್ಕೆ. ಗೊತ್ತಿದ್ದೂ ನೋಡಿರಲಿಲ್ಲ. ಒಂದು ತಿಂಗಳು ನನ್ನ ಹಸಿರು ವಯರ್ ಸುಮ್ಮನೆ ನೇತಾಡಿದೆ.
ಬೋರ್ಡ್ ಮುಚ್ಚಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ...
"ಟೀಚರ್, ನಿಮ್ಮದೂ ಸರಿ ಇಲ್ಲ. ತಪ್ಪು ಅಬ್ಬಾಸಾಕನದ್ದಲ್ಲ, ನನ್ನದು."
ಟೀಚರ್ ಬಗ್ಗಿ ಬೋರ್ಡಿನೊಳಗೆ ನೋಡಿದರು.
"ಈಗ ಎಂತ ಮಾಡುವ ಅಶ್ವಿತಾ?"
"ಗುಂಡಿ ತೋಡುವ."

೭ ಆಗಸ್ಟ್, ಮಧ್ಯಾಹ್ನ ೨-೩೦
ಕ್ಲಾಸಿನ ಹಿಂದೆ ಅರ್ಥ್‌ಗೆ ಆಳುದ್ದದ ಗುಂಡಿ ತೋಡಿ ಆಯಿತು. ಕಬ್ಬಿಣದ ಪೈಪು, ಸುತ್ತ ಇದ್ದಿಲು, ಉಪ್ಪು, ನಾಲ್ಕು ಕೊಡ ನೀರು. ಅಂಗೈ ಬೊಬ್ಬೆ. ಪೈಪಿನಿಂದ ಬೋರ್ಡಿನವರೆಗೆ ವಯರ್ ನಾನೇ ಎಳೆದೆ. ಈಗ ಊರಿಗೇ ಕರೆಂಟ್ ಇಲ್ಲ. ನಿನ್ನೆಯಂತೆಯೇ ಬಲ್ಬ್ ಸಿಕ್ಕಿಸಿ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಬ್ಬಾಸಾಕ ಬಂದಿದ್ದಾರೆ. ಹುಡುಗಿ ಅಂಗಡಿಯ ಮರ್ಯಾದೆ ತೆಗೆದಳು ಎಂದು ಟೀಚರಿಗೆ ಹೇಳುತ್ತಿದ್ದಾರೆ. ನನಗೆ ಕೇಳಲಿ ಎಂದೇ ಜೋರಾಗಿ. ಟೀಚರ್ ಬಲ್ಬಿನಿಂದ ಕಣ್ಣು ತೆಗೆದಿಲ್ಲ. ಉರಿಯದಿದ್ದರೆ ಇನ್ನೊಂದು ಗುಂಡಿ ತೋಡುತ್ತೇನೆ. ಅಬ್ಬಾಸಾಕನೂ ನೋಡಲಿ. ಫ್ಯಾನ್ ತಿರುಗಿತು, ಕರೆಂಟ್ ಬಂ—